ತೊಟ್ಟಿ ಮನೆಗೆ ಸಾಮಾನು: ಚನ್ನಪಟ್ಟಣದ ಕಂಬ, ಹತ್ತು ರೂಪಾಯಿ ಅಂಗಡಿಯ ಟಿಚ್ ಬಟನ್

ಹೋದ ದಸರೆಗೆ ನಮ್ಮ ಮನೆಯ ಗೊಂಬೆ ಸಾಲಿನ ಪಕ್ಕದಲ್ಲಿ ಒಂದು ತೊಟ್ಟಿ ಮನೆ, ಅಂದರೆ ನಡುವೆ ಮಾಡಿಲ್ಲದ ಅಂಗಳವಿರುವ ಹಳೆಯ ಕಾಲದ ಮನೆಯ ಪುಟ್ಟ ಮಾದರಿ, ಕೂತಿತ್ತು. ಪ್ಲೈವುಡ್ಡಿನದು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲ. ಗೋಡೆ, ಬಾಗಿಲು, ಮಾಡು ಕೊಯ್ದು ಕೂಡಿಸಿಕೊಟ್ಟವರು ನಮ್ಮ ಭಾವ. ಒಳಗಿನ ಸಂಸಾರವೆಲ್ಲ ನಾನು ಹೂಡಿದ್ದು. ಆರತಿಗೆ ಬಂದವರಲ್ಲಿ ಹತ್ತು ಜನವಾದರೂ ಬಗ್ಗಿ ಒಳಗೆ ನೋಡಿ, "ಇಷ್ಟು ಪುಟಾಣಿ ಸಾಮಾನು ಎಲ್ಲಿ ಸಿಕ್ಕಿತು ನಿಮಗೆ?" ಎಂದು ಕೇಳಿದರು. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳಿದ್ದೆ. ಈಗ ಕೂತು ಸರಿಯಾಗಿ ಬರೆಯುತ್ತಿದ್ದೇನೆ. ಎಲ್ಲಿ ಕೊಂಡರೆ ಚೆನ್ನ, ಎಲ್ಲಿ ದುಡ್ಡು ದಂಡ, ಯಾವುದನ್ನು ಕೊಳ್ಳಲೇಬಾರದು, ಕೈಯಲ್ಲೇ ಮಾಡಬೇಕು ಅಂತ.

ಮೊದಲು ಅಳತೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಇಪ್ಪತ್ತೆರಡು ವರ್ಷದಿಂದ ಟೇಪು ಕೊರಳಲ್ಲೇ ಇದೆ. ಅಡಿಗೆ ಒಂದು ಇಂಚು ಎಂದು ಹಿಡಿದುಕೊಂಡೆವು. ಐದು ಅಡಿಯ ಹೆಂಗಸು ಐದು ಇಂಚಿನ ಗೊಂಬೆ. ಆರು ಅಡಿಯ ಬಾಗಿಲು ಆರು ಇಂಚು. ಅರ್ಧ ಅಡಿ ಎತ್ತರದ ಚೊಂಬು ಅರ್ಧ ಇಂಚು. ಲೋಕದಲ್ಲಿ ಗೊಂಬೆಮನೆ ಕಟ್ಟುವವರು ಹೆಚ್ಚಾಗಿ ಬಳಸುವುದೂ ಇದೇ ಲೆಕ್ಕ. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ ಇದೇ ಅಳತೆಯದು. ನಮ್ಮ ಹೊಸದಿಲ್ಲಿಯ ರಾಷ್ಟ್ರಪತಿ ಭವನದ ನಕ್ಷೆ ಹಾಕಿದ ಲುಟಿಯನ್ಸ್ ಅವರೇ ಅದರ ನಕ್ಷೆಯನ್ನೂ ಹಾಕಿದ್ದು. 1924ರಲ್ಲಿ ಮುಗಿದ ಆ ಮನೆಯ ನಲ್ಲಿಯಲ್ಲಿ ನೀರು ಬರುತ್ತದಂತೆ, ದೀಪ ಉರಿಯುತ್ತದಂತೆ. ಭಾವ ಇದನ್ನು ಹೇಳಿದ ಮೇಲೆ ಅರ್ಧ ಇಂಚಿನ ಚೊಂಬು ಹುಡುಕುವುದು ನನಗೆ ಮಕ್ಕಳಾಟ ಅನ್ನಿಸಲಿಲ್ಲ.

ಗೊಂಬೆ ಸಾಲಿನಲ್ಲಿ ಅಳತೆಯನ್ನು ಯಾರೂ ಕೇಳುವುದಿಲ್ಲ. ಪಟ್ಟದ ಗೊಂಬೆ ಒಂಬತ್ತು ಇಂಚು, ಪಕ್ಕದ ಆನೆ ನಾಲ್ಕೇ ಇಂಚು, ಶೆಟ್ಟರ ಅಂಗಡಿಯ ಬದನೆಕಾಯಿ ಶೆಟ್ಟರ ತಲೆಯಷ್ಟು. ಅದರ ಚೆಂದವೇ ಅದು. ಆದರೆ ಅದೇ ಬದನೆಕಾಯಿಯನ್ನು ನಾಲ್ಕು ಗೋಡೆಯ ಒಳಗೆ ಇಡಿ, ಕಣ್ಣು ಕೂಡಲೇ ಲೆಕ್ಕ ಕೇಳುತ್ತದೆ. ಒಂದು ಲೋಟ ದೊಡ್ಡದಾದರೂ ಸಾಕು, ಅಡಿಗೆಮನೆ ಹೋಗಿ ಪ್ಲೈವುಡ್ ಪೆಟ್ಟಿಗೆ ಆಗಿಬಿಡುತ್ತದೆ. ಆದ್ದರಿಂದ ಪರ್ಸಿನಲ್ಲಿ ಅರ್ಧ ಅಡಿಯ ಸ್ಕೇಲು ಇಲ್ಲದೆ ಯಾವ ಅಂಗಡಿಗೂ ಹೋಗಬೇಡಿ.

ನಾನು ಅತಿ ಹೆಚ್ಚು ಸಲ ಹೋದದ್ದು ಮೈಸೂರಿನ ಶಿವರಾಂಪೇಟೆ ಕಡೆಯ ಒಂದು ಹತ್ತು ರೂಪಾಯಿ ಅಂಗಡಿಗೆ. ಹೆಸರಿಗೆ ಹತ್ತು, ಈಗ ಹೆಚ್ಚಿನ ಸಾಮಾನು ಇಪ್ಪತ್ತು, ಮೂವತ್ತು. ಉದ್ದನೆಯ ಓಣಿಯಂಥ ಅಂಗಡಿ. ಎದುರಿನಿಂದ ಒಬ್ಬರು ಬಂದರೆ ಅಡ್ಡ ತಿರುಗಿ ನಿಲ್ಲಬೇಕು. ಅಲ್ಲಿ ನಾನು ಕಲಿತದ್ದು ಇಷ್ಟು: ಆಟದ ಸಾಮಾನಿನ ಸಾಲಿಗೆ ಹೋಗಲೇಬೇಡಿ. ಅಲ್ಲಿರುವ ಅಡಿಗೆ ಸೆಟ್ಟು ಮಗುವಿನ ಕೈಗೆ ಹೊಂದುವಂತೆ ಮಾಡಿದ್ದು, ಮನೆಗೆ ಹೊಂದುವಂತೆ ಅಲ್ಲ. ಸ್ಟವ್ವಿಗಿಂತ ಸೌಟು ಉದ್ದ. ಬಣ್ಣವಂತೂ ಗುಲಾಬಿ, ನೇರಳೆ ಬಿಟ್ಟರೆ ಇಲ್ಲ. ಒಂದು ಸೋಫಾ ಸೆಟ್ಟು ತಂದಿದ್ದೆ, ಅದರ ಪ್ಲಾಸ್ಟಿಕ್ ವಾಸನೆ ವಾರವಾದರೂ ಹೋಗಲಿಲ್ಲ, ಆಚೆ ಹಾಕಿದೆ.

ಹೋಗಬೇಕಾದದ್ದು ಹೊಲಿಗೆ ಸಾಮಾನು, ಪೂಜೆ ಸಾಮಾನು, ಕ್ಲಿಪ್ಪು-ಬಿಂದಿ ಇರುವ ಮೂಲೆಗಳಿಗೆ. ಟಿಚ್ ಬಟನ್ ಒಂದು ಹಾಳೆ ತಂದು ಬಿಡಿಸಿ ನೋಡಿ. ಗುಳಿ ಇರುವ ಅರ್ಧವನ್ನು ಬೋರಲು ಹಾಕಿದರೆ ಸ್ಟೀಲ್ ಡಬ್ಬಿಯ ಮುಚ್ಚಳ, ಮೊಳೆ ಇರುವ ಅರ್ಧ ಹಿಡಿ ಇರುವ ತಟ್ಟೆಮುಚ್ಚಳ. ನಮ್ಮ ಅಡಿಗೆಮನೆಯ ನಾಗಂದಿಗೆ ಮೇಲೆ ಸಾಲಾಗಿ ಕೂತ ಹನ್ನೆರಡು ಡಬ್ಬಿಗಳಿಗೆಲ್ಲ ಅದೇ ಮುಚ್ಚಳ. ಅಂಟಿಸುವ ಬಿಂದಿಯ ಡಬ್ಬಿಯಲ್ಲಿ ಒಂದು ಪುಟ್ಟ ಕನ್ನಡಿ ಬರುತ್ತದಲ್ಲ, ಅದು ನಡುಮನೆಯ ಗೋಡೆಗನ್ನಡಿ. ಪೂಜೆ ಸಾಮಾನಿನ ಬುಟ್ಟಿಯಲ್ಲಿ ಬೆರಳ ತುದಿಯಷ್ಟಿರುವ ಹಿತ್ತಾಳೆ ಗಂಟೆ ಸಿಗುತ್ತದೆ, ನಾಲಿಗೆ ತೆಗೆದು ತಿರುಗಿಸಿ ನಿಲ್ಲಿಸಿದರೆ ಬಿಂದಿಗೆಯ ಕಂಠಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಊಟದ ಮೇಜಿನ ಮೇಲೆ ಹಾಸುವ ಬಿದಿರುಕಡ್ಡಿಯ ಚಾಪೆ ಮೂವತ್ತು ರೂಪಾಯಿ. ಒಂದರಿಂದ ಜಗಲಿಗೆ ಚಾಪೆ, ಕಿಟಕಿಗೆ ತಟ್ಟಿ, ಮೊರದ ತಳ, ಮೂರೂ ಆಯಿತು. ಬಂಗಾರದ ಬಣ್ಣದ ಇಪ್ಪತ್ತು ರೂಪಾಯಿಯ ಸರ ತೂಗುಮಣೆಯ ಸರಪಳಿ. ಮಣೆ ಐಸ್‌ಕ್ರೀಂ ಕಡ್ಡಿಯದು, ಐದು ಇಂಚಿಗೆ ಎರಡು ಇಂಚು.

ಅಂಗಡಿ ಹುಡುಗ ಮೂರನೇ ಸಲ ನೋಡಿದಾಗ, "ಆಂಟಿ, ಅಂಗಡಿ ಇಟ್ಟಿದ್ದೀರಾ, ಇಷ್ಟು ಟಿಚ್ ಬಟನ್ ಯಾಕೆ?" ಎಂದು ಕೇಳಿದ. ಫೋನಿನಲ್ಲಿ ಫೋಟೊ ತೋರಿಸಿದೆ. ಆಮೇಲೆ ಪುಟಾಣಿ ಸಾಮಾನು ಏನು ಬಂದರೂ ಒಂದು ಕವರಿನಲ್ಲಿ ಎತ್ತಿಟ್ಟು, ನಾನು ಹೋದಾಗ ಕೌಂಟರಿನ ಮೇಲೆ ಸುರಿಯುತ್ತಾನೆ. ಬೇಡವಾದದ್ದನ್ನು ಬೇಸರವಿಲ್ಲದೆ ವಾಪಸು ಇಟ್ಟುಕೊಳ್ಳುತ್ತಾನೆ. ಈ ಅಂಗಡಿಗೆ ನನ್ನ ಪೂರ್ತಿ ಮೆಚ್ಚುಗೆ ಇದೆ, ಆಟದ ಸಾಮಾನಿನ ಸಾಲೊಂದನ್ನು ಬಿಟ್ಟು.

ಇನ್ನು ಚನ್ನಪಟ್ಟಣ. ತೊಟ್ಟಿ ಮನೆಗೆ ಪ್ರಾಣವೇ ಕಂಬ. ನಡುವಿನ ತೊಟ್ಟಿಯ ಸುತ್ತ ಎಂಟು ಕಂಬ, ಒಂದೊಂದೂ ಏಳು ಇಂಚು, ಬುಡ ದಪ್ಪ, ನಡು ಸಣ್ಣ, ಮೇಲೆ ತೊಲೆ ಹೊರುವ ಬೋದಿಗೆ. ಇದನ್ನು ಯಾವ ಅಂಗಡಿಯಲ್ಲೂ ಮಾಡಿಟ್ಟಿರುವುದಿಲ್ಲ. ಮಾಡಿಸಬೇಕು. ಬೆಳಿಗ್ಗೆಯ ರೈಲಿಗೆ ಹೋದೆ. ಕಾರಿನಲ್ಲಿ ಹೋಗುವವರು ನೆನಪಿಡಿ, 2023ರಲ್ಲಿ ಆದ ಹೊಸ ಹೆದ್ದಾರಿ ಊರನ್ನು ಸುತ್ತಿ ಹೋಗುತ್ತದೆ; ಬೊಂಬೆ ಅಂಗಡಿಗಳಿರುವುದು ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ. ಮೊದಲು ಆ ರಸ್ತೆಯಲ್ಲಿ ಬಸ್ಸು ಕಾರು ತಾವಾಗಿ ನಿಲ್ಲುತ್ತಿದ್ದವು. ಈಗ ಬೇಕೆಂದೇ ಇಳಿದು ಹೋಗಬೇಕು. ದಯವಿಟ್ಟು ಇಳಿದು ಹೋಗಿ.

ಒಂದು ಅಂಗಡಿಯವರು ಹಿಂದಿನ ಬೀದಿಯ ಕೆಲಸದ ಮನೆಗೆ ಕಳಿಸಿದರು. ಒಂದೇ ಕೋಣೆ, ಎರಡು ಲೇತು ಯಂತ್ರ, ನೆಲವೆಲ್ಲ ಮರದ ಸುರುಳಿ. ನನ್ನ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಕಂಬದ ಚಿತ್ರ ಬರೆದು ಕೊಟ್ಟೆ. ಅಲ್ಲಿಯ ಕೆಲಸಗಾರರು ಅದನ್ನು ಒಂದು ನಿಮಿಷ ನೋಡಿ, "ಇಲ್ಲಿ ಇಷ್ಟು ಸಣ್ಣ ಮಾಡಿದರೆ ಮುರಿಯುತ್ತೆ ಅಮ್ಮ, ಒಂದು ನೂಲು ದಪ್ಪ ಇರಲಿ" ಎಂದರು. ಬಿಳಿ ಬಿಳಿಯಾದ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿದರು. ಉಳಿ ತಾಗಿದ್ದೇ ತಡ, ಮರ ರಿಬ್ಬನ್ನಿನ ಹಾಗೆ ಸುಲಿದು ಬಂತು. ಆಕಾರ ಬಂದ ಮೇಲೆ ತಿರುಗುತ್ತಿರುವ ಕಂಬಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜಿದ ಶಾಖಕ್ಕೆ ಅರಗು ಕರಗಿ ಕೆಂಪು ತಾನಾಗಿ ಮರಕ್ಕೆ ಹತ್ತಿಕೊಂಡಿತು. ಬ್ರಷ್ಷಿಲ್ಲ, ಒಣಗಿಸುವುದಿಲ್ಲ. ಕೊನೆಗೆ ತಾಳೆ ಎಲೆಯ ಒಂದು ಪಟ್ಟಿ ಮಡಿಸಿ ಒತ್ತಿದರು, ಮಂಕಾಗಿದ್ದ ಕೆಂಪಿನಲ್ಲಿ ಬಲ್ಬಿನ ಬೆಳಕು ಒಂದು ಗೆರೆಯಾಗಿ ನಿಂತಿತು. ಒಂದು ಕಂಬಕ್ಕೆ ಐದಾರು ನಿಮಿಷ ಹಿಡಿದಿರಬೇಕು. ಎಂಟನ್ನೂ ಮೇಜಿನ ಮೇಲೆ ನಿಲ್ಲಿಸಿ ಸ್ಕೇಲು ಅಡ್ಡ ಇಟ್ಟು ನೋಡಿದೆ, ಎಲ್ಲವೂ ಒಂದೇ ಎತ್ತರ. ಕಂಬಕ್ಕೆ ನಲವತ್ತು ರೂಪಾಯಿ ಕೇಳಿದರು. ನಾನು ಚೌಕಾಸಿ ಮಾಡಲಿಲ್ಲ, ನೀವೂ ಮಾಡಬೇಡಿ. ಒಂದು ಬ್ಲೌಸಿಗೆ ಕೈಹೊಲಿಗೆ ಹಾಕುವವಳಿಗೆ ಕೈಕೆಲಸದ ಬೆಲೆ ಗೊತ್ತಿರುತ್ತದೆ.

ಅಲ್ಲೇ ಬೀಸುಕಲ್ಲು, ಚೊಂಬು, ಉಪ್ಪಿನಕಾಯಿ ಜಾಡಿ, ಕುಂಕುಮದ ಭರಣಿ ಕೊಂಡೆ. ತಿರುಗಣೆಯ ಕೆಲಸವಾದ್ದರಿಂದ ದುಂಡಗಿರುವುದೆಲ್ಲ ಚನ್ನಪಟ್ಟಣದಲ್ಲಿ ಅತ್ಯುತ್ತಮ. ಮಂಚ, ಬೀರು, ಕುರ್ಚಿ ಮಾತ್ರ ಅಲ್ಲಿ ನನಗೆ ಒಪ್ಪಲಿಲ್ಲ. ಹಲಗೆ ದಪ್ಪ, ಆಟಕ್ಕೆ ಗಟ್ಟಿಯಾಗಿರಲಿ ಎಂದು ಮಾಡಿದ್ದು. ಇನ್ನೊಂದು, ಅಂಗಡಿಗಳಲ್ಲಿ ಅರಗಿನ ಬೊಂಬೆಗಳ ನಡುವೆ ಪೇಂಟು ಬಳಿದ ಸಾಮಾನೂ ಇರುತ್ತದೆ. ಅರಗಿನದ್ದು ಉಗುರಿಗೆ ನಯವಾಗಿ ಜಾರುತ್ತದೆ, ಬಣ್ಣ ಮರದೊಳಗಿಂದ ಬಂದ ಹಾಗಿರುತ್ತದೆ. ಅನುಮಾನ ಬಂದರೆ ಕೇಳಿ, ಹೇಳುತ್ತಾರೆ.

ಆನ್‌ಲೈನಿನಲ್ಲಿ ಒಂದೇ ಸಲ ತರಿಸಿ ಸಾಕಾಯಿತು. ಮರದ ಬೀರು, ಆರುನೂರ ಐವತ್ತು ರೂಪಾಯಿ. ಚಿತ್ರದಲ್ಲಿ ಪಕ್ಕದಲ್ಲಿ ಒಂದು ಹೂಕುಂಡ ಇತ್ತು, ಅದೂ ಪುಟಾಣಿಯೇ ಎಂದು ನನಗೆ ಹೊಳೆಯಲಿಲ್ಲ. ಬಂದದ್ದು ಮೂರೇ ಇಂಚು, ಅಂದರೆ ನಮ್ಮ ಗೊಂಬೆಯ ಸೊಂಟಕ್ಕೆ. ವಾಪಸು ತೆಗೆದುಕೊಳ್ಳಲಿಲ್ಲ. ತರಿಸುವುದಾದರೆ ಎತ್ತರ ಎಷ್ಟು ಮಿಲಿಮೀಟರ್ ಎಂದು ಬರೆದಿರುವುದನ್ನು ಓದಿ, ಬರೆದಿಲ್ಲದಿದ್ದರೆ ಬಿಡಿ. ಅದಲ್ಲದೆ ಅಲ್ಲಿ ಸಿಗುವುದೆಲ್ಲ ಬೇರೆ ದೇಶದ ಮನೆಯ ಸಾಮಾನು, ಬೆಂಕಿಗೂಡು, ಟೀ ಟೇಬಲ್, ಸೋಫಾ. ನನಗೆ ಬೇಕಾದದ್ದು ಒರಳುಕಲ್ಲು.

ಒರಳುಕಲ್ಲನ್ನು ಎಂ-ಸೀಲಿನಲ್ಲಿ ಮಾಡಿದೆ. ಎರಡು ಪಾಕ ಸೇರಿಸಿ ನಾದಿ, ಒಂದೂಕಾಲು ಇಂಚಿನ ಉಂಡೆ ಚಪ್ಪಟೆ ಮಾಡಿ, ನಡುವೆ ಮಕ್ಕಳ ಗೋಲಿ ಒತ್ತಿ ಗುಂಡಿ ಮಾಡಿದೆ. ಕೈಗೆ ಗ್ಲೌಸು ಹಾಕಿಕೊಳ್ಳಿ. ಕಪ್ಪು ಬಣ್ಣ ಬಳಿದ ಮೇಲೂ ಅದು ಕಲ್ಲಾಗಲಿಲ್ಲ, ಟೈರಿನ ತುಂಡಿನ ಹಾಗಿತ್ತು. ಎರಡನೆಯ ಸಲ ಮಾಡಿದಾಗ ಹಸಿ ಇರುವಾಗಲೇ ಗುಂಡಿಯ ಒಳಗೆಲ್ಲ ಸೂಜಿಯಿಂದ ಚುಚ್ಚಿದೆ. ನಮ್ಮಜ್ಜಿಯ ಕಾಲದಲ್ಲಿ ಒರಳು ಸವೆದು ನುಣ್ಣಗಾದಾಗ ಕಲ್ಲುಕುಟ್ಟುವವರು ಬಂದು ಉಳಿ ಹಾಕಿ ಹೋಗುತ್ತಿದ್ದರು. ಆ ಗುರುತು ಬಂದ ಕೂಡಲೇ ಕಲ್ಲಾಯಿತು. ನಮ್ಮ ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ನೆಲಕ್ಕೆ ಕಾವಿ. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್, ಅತಿ ಚಿಕ್ಕ ಡಬ್ಬಿ ಸಾಕು. ಎರಡು ಕೈ ಬಳಿದು, ನುಣ್ಣನೆ ಮರಳು ಕಾಗದ ಆಡಿಸಿ, ಮೇಣದ ಬತ್ತಿ ಉಜ್ಜಿ ಹಳೆಯ ಲೈನಿಂಗ್ ಬಟ್ಟೆಯಲ್ಲಿ ತಿಕ್ಕಿದೆ. ಬಟ್ಟೆಯ ಕೆಲಸ ನನ್ನ ಮನೆಯ ಕೆಲಸ, ಅದರ ಬಗ್ಗೆ ಒಂದೇ ಮಾತು: ಹೊಸ ಬಟ್ಟೆ ತರಬೇಡಿ. ಹತ್ತಾರು ಸಲ ಒಗೆದ ವಾಯಿಲ್ ಸೀರೆಯ ತುಂಡು ಪುಟ್ಟ ಹಾಸಿಗೆಯ ಮೇಲೆ ಹೊದಿಕೆಯಾಗಿ ಬೀಳುತ್ತದೆ. ಹೊಸದು ರಟ್ಟಿನ ಹಾಗೆ ಎದ್ದು ನಿಲ್ಲುತ್ತದೆ. ಹೂವು ಸಾಸಿವೆಗಿಂತ ದೊಡ್ಡದಿರಬಾರದು. ಎಲೆ ಮೇಲಿನ ಊಟವನ್ನು ಮೈದಾ ಮತ್ತು ಫೆವಿಕಾಲ್ ಕಲಸಿ ಮಾಡಿದ್ದೆ. ಕೋಡುಬಳೆ, ಹೋಳಿಗೆ, ಅನ್ನದ ಗುಡ್ಡೆ, ಎಲ್ಲ ಚೆನ್ನಾಗಿ ಬಂತು, ಆದರೆ ಮಳೆಗಾಲ ಕಳೆದು ಪೆಟ್ಟಿಗೆ ತೆಗೆದಾಗ ಹುಳ ಹಿಡಿದಿತ್ತು. ಈಗ ಅದನ್ನೂ ಎಂ-ಸೀಲಿನಲ್ಲೇ ಮಾಡುತ್ತೇನೆ.

ಫೆವಿಕ್ವಿಕ್ಕನ್ನು ಅರಗಿನ ಸಾಮಾನಿನ ಹತ್ತಿರ ತರಬೇಡಿ. ಹಬೆ ತಾಗಿದ ಕಡೆ ಬೆಳ್ಳಗೆ ಮಸುಕು ಕೂರುತ್ತದೆ, ನನ್ನ ಒಂದು ಕಂಬದ ಬುಡ ಹಾಗೇ ಹೋಯಿತು. ಫೆವಿಕಾಲ್ ಹಾಕಿ ಒಂದು ರಾತ್ರಿ ಕಾಯಿರಿ.

ಗೊಂಬೆಮನೆಗೆ ದೀಪವೆಂದು ಬಟನ್ ಸೆಲ್ಲಿನ ಪುಟ್ಟ ಸೀರಿಯಲ್ ಸೆಟ್ಟು ಮಾರುತ್ತಾರೆ. ಮೂರು ದಿನ ಉರಿಯಿತು ಅನ್ನುವುದು ಸಣ್ಣ ದೂರು. ದೊಡ್ಡದು ಬೇರೆ: ಆ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಿನಲ್ಲಿ ಎತ್ತಿದರೆ ಬಂತು. ಮಗು ನುಂಗಿದರೆ ಬಟನ್ ಸೆಲ್ ಎರಡು ಗಂಟೆಯ ಒಳಗೇ ಅನ್ನನಾಳವನ್ನು ಸುಡಬಲ್ಲದು. ಹಬ್ಬದ ಮನೆಗೆ ಎಷ್ಟೊಂದು ಮಕ್ಕಳು ಬರುತ್ತಾರೆ. ಅದನ್ನು ಕಿತ್ತು ಹಾಕಿ, ಮನೆಯ ಹಿಂದೆ ಒಂದು ಟೇಬಲ್ ಲ್ಯಾಂಪ್ ಇಟ್ಟೆ. ತೊಟ್ಟಿಯ ಮೇಲಿಂದ ಬೆಳಕು ಇಳಿದು ನಿಜವಾದ ಬಿಸಿಲಿನ ಹಾಗೇ ಕಂಬದ ನೆರಳು ಬಿತ್ತು. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಮನೆಯನ್ನು ಎತ್ತರದ ಮೇಜಿನ ಮೇಲೇ ಇಡಿ. ಟಿಚ್ ಬಟನ್ನೂ ಬಾಯಿಗೆ ಹೋಗುವಂಥದ್ದೇ.

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸರ್ಕಾರದ ಕರಕುಶಲ ಸಾಮಾನಿನ ಮಳಿಗೆ ಕಾವೇರಿ ಎಂಪೋರಿಯಂ ಇದೆ, ನೋಡಲು ಹೋಗಿ, ಕೆತ್ತನೆ ಬಾಗಿಲು ಹೇಗಿರಬೇಕು ಎಂದು ತಿಳಿಯುತ್ತದೆ. ದಸರೆಯ ಮುಂಚೆ ನಜರಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ "ಬೊಂಬೆ ಮನೆ" ಎಂಬ ಗೊಂಬೆಗಳ ಪ್ರದರ್ಶನ-ಮಾರಾಟಕ್ಕೂ ಹೋಗಿ. ಬೇರೆ ಬೇರೆ ರಾಜ್ಯದ ಗೊಂಬೆಗಳು ಒಂದೇ ಕಡೆ ಸಿಗುತ್ತವೆ. ಸ್ಕೇಲು ಮರೆಯಬೇಡಿ.

ಒಟ್ಟು ಖರ್ಚು ಪ್ಲೈವುಡ್ ಬಿಟ್ಟು ಎರಡು ಸಾವಿರದ ಮುನ್ನೂರು, ಅದರಲ್ಲಿ ಆ ಬೀರುವೂ ಸೇರಿದೆ. ಈ ವರ್ಷಕ್ಕೆ ಉಳಿದಿರುವುದು ಬಚ್ಚಲುಮನೆಯ ಹಂಡೆ. ಒಂದೂವರೆ ಇಂಚು ಎತ್ತರ, ಹೊಟ್ಟೆ ದುಂಡಗೆ, ಕಂಠ ಅಗಲ, ಬಣ್ಣ ತಾಮ್ರದ್ದು. ಮರದಲ್ಲಿ ಬೇಡ, ಒಲೆಯ ಮೇಲೆ ಕೂರುವುದು ಲೋಹದ್ದೇ ಇರಬೇಕು. ಅಂಗಡಿ ಹುಡುಗನಿಗೂ ಹೇಳಿಟ್ಟಿದ್ದೇನೆ. ಯಾರ ಕಣ್ಣಿಗಾದರೂ ಬಿದ್ದರೆ ಯಾವ ಬೀದಿ, ಯಾವ ಅಂಗಡಿ ಎಂದು ತಿಳಿಸಿ.