ಎರರ್ ಹೋಯಿತು ಎಂದ ಮಾತ್ರಕ್ಕೆ ದುಡ್ಡು ಕೊಟ್ಟು ಬರಬೇಡಿ

ಥೀಸಿಸ್‌ನ ಲೆಕ್ಕಾಚಾರ ಹೊರಗೆ ಮಾಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕಾರವಾರದ ಬೈತಖೋಲ ಬಂದರಿನ ಟ್ರಾಲ್ ಬೋಟುಗಳ ಬಲೆಗೆ ಬೀಳುವ ಕಡಲ ಹಾವುಗಳ ಬಗ್ಗೆ ನನ್ನ ತಂಗಿಯ ಸಂಶೋಧನೆ. ಒಂದೊಂದು ಬೋಟಿಗೂ ತಿಂಗಳಿಗೆ ಎಷ್ಟು ಹಾವು ಸಿಕ್ಕಿತು, ಎಷ್ಟು ಗಂಟೆ ಬಲೆ ಎಳೆದರು ಎಂದು ಬರೆದಿಟ್ಟಿದ್ದಳು. ಅಂಕಿಅಂಶ ಲೆಕ್ಕಹಾಕುವ ಆರ್ (R) ಸಾಫ್ಟ್‌ವೇರಿನಲ್ಲಿ, ಎಣಿಕೆಗಳಿಗೆ ಬಳಸುವ ಪಾಯ್ಸನ್ ಮಾಡೆಲ್ ಹಾಕಿ, ಗಂಟೆಗೆ ಎಷ್ಟು ಹಾವು ಎಂದು ಹೋಲಿಸಲು ಗಂಟೆಯ ಲಾಗ್ ಅನ್ನು ಆಫ್‌ಸೆಟ್ ಆಗಿ ಕೊಟ್ಟ ಕೂಡಲೇ 'ವೈ'ನಲ್ಲಿ (ಮಾಡೆಲ್‌ನಲ್ಲಿ ಎಣಿಕೆಗೆ ಇಡುವ ಹೆಸರು) ಇನ್ಫಿನಿಟಿ ಇದೆ ಎಂಬ ಎರರ್. ಗಡುವು ಹತ್ತಿರ ಬಂದಿತ್ತು. ಊರಿನ ಒಂದು ಡೇಟಾ ಅನಾಲಿಸಿಸ್ ಸೆಂಟರಿಗೆ ಫೈಲು ಕೊಟ್ಟಳು. ಮರುದಿನವೇ ಅಂದದ ಟೇಬಲ್ ಬಂತು. "ಎರರ್ ಹೋಯ್ತಲ್ಲ ಮೇಡಂ, ಇನ್ನೇನು?" ಎಂದರಂತೆ.

ಟೇಬಲ್ ಪ್ರಕಾರ ಹಾವು ಅತಿ ಹೆಚ್ಚು ಸಿಗುವುದು ಜೂನ್, ಜುಲೈನಲ್ಲಿ. ಆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿರುತ್ತವೆ!

ಆಗಿದ್ದು ಇಷ್ಟು. ಜೂನ್‌ನಲ್ಲಿ ಬಲೆ ಎಳೆದದ್ದು ಸೊನ್ನೆ ಗಂಟೆ. ಸೊನ್ನೆಯ ಲಾಗ್ ಎಂದರೆ ಮೈನಸ್ ಇನ್ಫಿನಿಟಿ. ಎರರ್ 'ವೈ' ಎನ್ನುತ್ತದೆ, ಹಾಗಾಗಿ ಎಲ್ಲರೂ ಹಾವಿನ ಕಾಲಂ ತಡಕುತ್ತಾರೆ, ಹುಳುಕಿರುವುದು ಆಫ್‌ಸೆಟ್‌ನಲ್ಲಿ. ಸೆಂಟರಿನವರು ಎರಡೂ ಕಾಲಂಗೆ ಒಂದೊಂದು ಕೂಡಿಸಿಬಿಟ್ಟಿದ್ದರು. 120 ಗಂಟೆಗೆ 3 ಹಾವು ಸಿಕ್ಕ ಬೋಟು 121 ಗಂಟೆಗೆ 4 ಆಯಿತು, ಅಂದರೆ ಗಂಟೆಗೆ 0.033. ಕಟ್ಟಿಹಾಕಿದ ಬೋಟು ಒಂದು ಗಂಟೆಗೆ ಒಂದು ಹಾವು! ಮೂವತ್ತು ಪಟ್ಟು ಸುಳ್ಳು, ಅದೂ 'ಈ ವ್ಯತ್ಯಾಸ ಆಕಸ್ಮಿಕವಲ್ಲ' ಎಂದು ಸಾರುವ ನಕ್ಷತ್ರ ಚಿಹ್ನೆ ಸಮೇತ.

ಗಂಟೆಯೇ ಸೊನ್ನೆಯಿರುವ ಸಾಲುಗಳನ್ನು ತೆಗೆಯಬೇಕು, ಅವುಗಳಲ್ಲಿ ಮಾಹಿತಿಯೇ ಇಲ್ಲ. ಆದರೆ ನೂರು ಗಂಟೆ ಎಳೆದೂ ಹಾವು ಸಿಗದ ಸಾಲಿದೆಯಲ್ಲ, ಆ ಸೊನ್ನೆಯನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಅದು ಸಮುದ್ರದಲ್ಲಿ ಬೆವರು ಸುರಿಸಿ ತಂದ ಅಂಕಿ.

ಬೇರೆ ಎರರ್‌ಗಳನ್ನೂ ಹೀಗೇ ಮುಚ್ಚಿಹಾಕುವವರಿದ್ದಾರೆ. ಸೊನ್ನೆಗಳು ವಿಪರೀತ ಇದ್ದಾಗ ಬಳಸುವ ಝೀರೋ ಇನ್‌ಫ್ಲೇಟೆಡ್ ಮಾಡೆಲ್ 'ಕಂಪ್ಯೂಟೇಶನಲಿ ಸಿಂಗ್ಯುಲರ್' (ಲೆಕ್ಕ ಬಿಡಿಸಲಾಗುತ್ತಿಲ್ಲ) ಎಂದರೆ ಮೊದಲು ಕಾಲಂಗಳ ಅಳತೆಗಳನ್ನು ನೋಡಿ. ನಮ್ಮ ಕಡೆ ಒಂದೇ ತಿಂಗಳ ಮಳೆ ಸಾವಿರ ಮಿ.ಮೀ. ಆಸುಪಾಸು ಹೋಗುವುದುಂಟು, ಮಾಡೆಲ್‌ಗೆ ಅದರ ವರ್ಗವನ್ನೂ ಹಾಕಿದರೆ ಅದು ಹತ್ತು ಲಕ್ಷ. ಸ್ಕೇಲ್ ಮಾಡಿದರೆ, ಅಂದರೆ ಎಲ್ಲ ಕಾಲಂಗಳನ್ನೂ ಒಂದೇ ಮಟ್ಟದ ಸಣ್ಣ ಅಂಕಿಗಳಿಗೆ ಇಳಿಸಿದರೆ, ಎಷ್ಟೋ ಸಲ ಅಲ್ಲಿಗೆ ಸರಿಹೋಗುತ್ತದೆ. ಎಣಿಕೆಗಳು ಪಾಯ್ಸನ್ ಊಹಿಸುವುದಕ್ಕಿಂತ ಹೆಚ್ಚು ಚದುರಿದಾಗ ಬಳಸುವ ನೆಗೆಟಿವ್ ಬೈನಾಮಿಯಲ್ ಮಾಡೆಲ್‌ನಲ್ಲಿ, ಚದುರುವಿಕೆ ಅಳೆಯುವ ಥೀಟಾ ಲಕ್ಷದತ್ತ ಓಡಿ 'ಇಟರೇಶನ್ ಲಿಮಿಟ್' ಬಂದರೆ, ಅಂಥ ಹೆಚ್ಚಿನ ಚದುರುವಿಕೆ ಡೇಟಾದಲ್ಲಿ ಇಲ್ಲವೆಂದು ಅರ್ಥ, ಪಾಯ್ಸನ್ ಸಾಕು. ಗುಣಾಂಕ ಮೈನಸ್ 20ರ ಹತ್ತಿರ, ಸ್ಟ್ಯಾಂಡರ್ಡ್ ಎರರ್ ಸಾವಿರಗಟ್ಟಲೆ ಕಂಡರೆ ಯಾವುದೋ ಗುಂಪಿನಲ್ಲಿ ಎಲ್ಲವೂ ಸೊನ್ನೆ ಇದೆ. ಆ ಗುಂಪನ್ನು ಅರ್ಥವಿರುವಂತೆ ಬೇರೊಂದಕ್ಕೆ ಸೇರಿಸಿ, ಇಲ್ಲವೇ ಇಂಥ ಗುಣಾಂಕ ಅನಂತದತ್ತ ಓಡದಂತೆ ತಡೆಯುವ ಫರ್ತ್ ತಿದ್ದುಪಡಿ ಬಳಸಿ.

ಸೆಂಟರಿನವರು ಕೋಡ್ ಕೊಡಲಿಲ್ಲ, ದುಡ್ಡೂ ವಾಪಸ್ ಮಾಡಲಿಲ್ಲ. ಅಡ್ವಾನ್ಸ್ ಕೊಡುವ ಮೊದಲೇ ಪೂರ್ತಿ ಕೋಡ್, ಮಾಡೆಲ್‌ಗೆ ಹಾಕಿದ ಡೇಟಾ ಫೈಲ್, ಬಂದ ವಾರ್ನಿಂಗ್‌ಗಳು ಮೂರನ್ನೂ ಕೊಡುತ್ತೀರಾ ಎಂದು ಕೇಳಿ. ತಡವರಿಸಿದರೆ ಎದ್ದು ಬನ್ನಿ.