ಫೈಫಾಕ್ಸ್ ಆ್ಯಪ್: ಗುರುತ್ವವನ್ನು ಅಳೆದು ಕಲಿಸುವವರಿಗೆ

ಒಂಬತ್ತನೇ ತರಗತಿಯ ಮಕ್ಕಳು ಗುರುತ್ವದ ವೇಗೋತ್ಕರ್ಷ, ಅಂದರೆ ಜಿ, 9.8 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ, ಅಳೆಯುವುದಿಲ್ಲ. ಅಳೆಸಬೇಕೆನ್ನುವ ಮೇಷ್ಟ್ರಿಗೆ ಫೈಫಾಕ್ಸ್ ಒಳ್ಳೆಯ ಆಸರೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಈ ಆ್ಯಪ್ ಪೂರ್ತಿ ಉಚಿತ, ಜಾಹೀರಾತಿನ ಕಾಟವೂ ಇಲ್ಲ.

ಇದರಲ್ಲಿ ನಿಜಕ್ಕೂ ಬೆಲೆಬಾಳುವುದು ಅಕೌಸ್ಟಿಕ್ ಸ್ಟಾಪ್‌ವಾಚ್. ಮೊದಲ ಸದ್ದಿಗೆ ಶುರುವಾಗಿ ಎರಡನೆಯದಕ್ಕೆ ನಿಲ್ಲುತ್ತದೆ. ಕಪಾಟಿನ ಅಂಚಿನಿಂದ ಹೊರಚಾಚಿದ ಸ್ಕೇಲಿನ ಮೇಲೆ ಉಕ್ಕಿನ ಗುಂಡು ಇಟ್ಟು, ಸ್ಕೇಲಿಗೆ ಅಡ್ಡಡ್ಡಲಾಗಿ ಚುರುಕಾಗಿ ಹೊಡೆಯಬೇಕು. ಮೇಲಿನಿಂದ ಹೊಡೆದರೆ ಗುಂಡು ಪುಟಿದು ಲೆಕ್ಕ ಕೆಡುತ್ತದೆ. ಕೆಳಗೆ ಸ್ಟೀಲ್ ತಟ್ಟೆ ಇರಲಿ. ಗುಂಡಿನ ತಳದಿಂದ ತಟ್ಟೆಗೆ 1.5 ಮೀಟರ್ ಇದ್ದರೆ ಸುಮಾರು 0.553 ಸೆಕೆಂಡು ಬರಬೇಕು. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಜಿ ಸಿಕ್ಕಿತು. ಆದರೆ 0.01 ಸೆಕೆಂಡು ಹೆಚ್ಚು ಬಂದರೂ ಜಿ 9.45ಕ್ಕೆ ಇಳಿಯುತ್ತದೆ, ಹಾಗಾಗಿ ಐದಾರು ಸಲ ಬೀಳಿಸಿ ಸರಾಸರಿ ತೆಗೆಯಿರಿ.

ಮೊಬೈಲನ್ನು ತಟ್ಟೆಯ ಪಕ್ಕ ನೆಲದ ಮೇಲಿಡುವುದು ಎಲ್ಲರೂ ಮಾಡುವ ತಪ್ಪು. ಮೇಲಿನ ಸದ್ದು ಅಲ್ಲಿಗೆ ತಲುಪಲು 4 ಮಿಲಿಸೆಕೆಂಡಿಗೂ ಹೆಚ್ಚು ಬೇಕು, ಕೆಳಗಿನದು ತಕ್ಷಣ ಕೇಳುತ್ತದೆ. ಕಾಲ ಕಡಿಮೆಯಾಗಿ ಜಿ 9.95ರ ಹತ್ತಿರ ಹೋಗುತ್ತದೆ. ಮುಕ್ಕಾಲು ಮೀಟರ್ ಎತ್ತರದ ಸ್ಟೂಲ್ ಮೇಲಿಟ್ಟರೆ ಎರಡೂ ಸದ್ದಿಗೆ ದೂರ ಸಮ, ದೋಷ ಮಾಯ. ಆ್ಯಪಿನಲ್ಲಿ ಕನಿಷ್ಠ ವಿಳಂಬವನ್ನು (ಮೊದಲ ಸದ್ದಾದ ಮೇಲೆ ಬೇರೆ ಸದ್ದಿಗೆ ಕಿವಿಗೊಡದೆ ಕಾಯುವ ಸಮಯ) 0.3 ಸೆಕೆಂಡಿಗೆ ಇಡಿ, ಇಲ್ಲವಾದರೆ ಹೊಡೆತದ ಪ್ರತಿಧ್ವನಿಗೇ ಗಡಿಯಾರ ನಿಂತುಬಿಡಬಹುದು. ಫ್ಯಾನ್ ಆರಿಸಿ. ತರಗತಿಯ ಗದ್ದಲ ಅಡಗದಿದ್ದರೆ ಸದ್ದಿನ ಮಿತಿ ಏರಿಸಿ.

ಲೋಲಕದ ಪ್ರಯೋಗವೂ ಇದೆ, ಮೊಬೈಲನ್ನೇ ದಾರಕ್ಕೆ ಕಟ್ಟಿ ತೂಗಿಸುವುದು. ಉದ್ದವನ್ನು ಮೊಬೈಲಿನ ನಡುಭಾಗದವರೆಗೆ ಅಳೆಯಬೇಕು; ಒಂದು ಮೀಟರಿನಲ್ಲಿ 3 ಸೆಂ.ಮೀ. ತಪ್ಪಿದರೆ ಜಿಯಲ್ಲೂ ಶೇ. 3ರಷ್ಟು ತಪ್ಪು. ಓಲಾಟ 10 ಡಿಗ್ರಿ ಮೀರದಿರಲಿ.

ನನ್ನ ತಕರಾರು ಆ್ಯಪಿನ ಆಕ್ಸಿಲರೋಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಪುಟದ ಬಗ್ಗೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಮೊಬೈಲ್ 9.8 ತೋರಿಸುತ್ತದೆ, ದಿಂಬಿನ ಮೇಲೆ ಬೀಳುತ್ತಿರುವಾಗ ಸೊನ್ನೆಯ ಹತ್ತಿರ ಬರುತ್ತದೆ. ವೇಗೋತ್ಕರ್ಷ ಈಗಷ್ಟೇ ಕಲಿತ ಮಕ್ಕಳಿಗೆ ಇದು ತಲೆಕೆಳಗು. ಸೆನ್ಸರ್ ಅಳೆಯುವುದು ಮೇಜಿನ ಒತ್ತನ್ನು, ಬೀಳುವಾಗ ಆ ಒತ್ತೇ ಇರುವುದಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಆ ಪುಟ ತೆರೆಯಿರಿ.

ಅಗ್ಗದ ಮೊಬೈಲುಗಳಲ್ಲಿ ಹಲವಕ್ಕೆ ಗೈರೋಸ್ಕೋಪ್ (ತಿರುಗುವಿಕೆಯನ್ನು ಅಳೆಯುವ ಸೆನ್ಸರ್) ಇಲ್ಲ, ಅವುಗಳಲ್ಲಿ ಲೋಲಕ ನಡೆಯದು. ಸ್ಟಾಪ್‌ವಾಚಿಗೆ ಮಾತ್ರ ಮೈಕ್ ಇದ್ದರೆ ಸಾಕು.