ಹಳೆಯ ಎಂಜಿಬಿ ಕಾರಿಗೆ ಹುಬ್ಬಳ್ಳಿಯಲ್ಲಿ ಹಾಕಿಸಿದ ಹೊಸ ಟೈರುಗಳು

ನಮ್ಮ ಮನೆಯ 1967ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು) ಕಾರಿಗೆ ಕಳೆದ ಮಳೆಗಾಲ ಮುಗಿಯುತ್ತಲೇ ಸ್ಟೆಪ್ನಿಯೂ ಸೇರಿ ಐದು ಹೊಸ ಟೈರುಗಳನ್ನು ಹಾಕಿಸಿದೆ. ಎಂಆರ್‌ಎಫ್ ಕಂಪನಿಯ ಝಡ್‌ವಿಟಿವಿ ಮಾದರಿ, ಅಳತೆ 165/80 ಆರ್14, ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 80ರಷ್ಟು, ರೇಡಿಯಲ್ ಟೈರು, ರಿಮ್ಮಿನ ವ್ಯಾಸ 14 ಇಂಚು. ಹುಬ್ಬಳ್ಳಿಯ ಕಾರವಾರ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಕೆಲಸವಾಯಿತು. ಎರಡೂವರೆ ಸಾವಿರ ಕಿ.ಮೀ. ಓಡಿಸಿದ ನಂತರ ಈ ಆಯ್ಕೆ ಸರಿಯಾಗಿತ್ತೆಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಆ ಆಯ್ಕೆಗೆ ಬರಲು ಮೂರು ತಿಂಗಳು ಹಿಡಿಯಿತು.

ಹಳೆಯ ಟೈರುಗಳು ಸವೆದಿರಲಿಲ್ಲ. ಹೆಚ್ಚು ಓಡದ ಕಾರಿನಲ್ಲಿ ಟೈರು ಸವೆಯುವ ಮೊದಲು ಮುದಿಯಾಗುತ್ತದೆ. ಜುಲೈ ತಿಂಗಳ ಒಂದು ಸಂಜೆ ಧಾರವಾಡದಿಂದ ಬರುವಾಗ ಉಣಕಲ್ ಕೆರೆಯ ಹತ್ತಿರ ಬ್ರೇಕ್ ಒತ್ತಿದರೆ ಮುಂದಿನ ಗಾಲಿಗಳು ನಿಂತವು, ಕಾರು ಮಾತ್ರ ಒದ್ದೆ ರಸ್ತೆಯ ಮೇಲೆ ಜಾರುತ್ತ ಮುಂದೆ ಹೋಯಿತು. ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಈ ಕಾರಿಗಿಲ್ಲ. ಹಿಡಿತವೆಲ್ಲ ಟೈರಿನ ರಬ್ಬರಿನದು. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ಗೆರೆಗಳು ಆಳವಾಗಿಯೇ ಇದ್ದವು, ಆದರೆ ಟೈರಿನ ಪಕ್ಕದ ಗೋಡೆಯಲ್ಲಿ ಎರಿ ಹೊಲದ ಬೇಸಿಗೆಯ ಬಿರುಕಿನಂತೆ ಸಣ್ಣ ಸೀಳುಗಳು ಎದ್ದಿದ್ದವು. ಉಗುರು ಒತ್ತಿದರೆ ಗುರುತು ಮೂಡದಷ್ಟು ರಬ್ಬರು ಗಟ್ಟಿಯಾಗಿತ್ತು. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು 2312 ಎಂದಿದ್ದವು, ಅಂದರೆ 2012ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ಹಳೆಯ ಕಾರು ಇಟ್ಟುಕೊಂಡವರು ಗೆರೆಯ ಆಳಕ್ಕಿಂತ ಮೊದಲು ಈ ನಾಲ್ಕು ಅಂಕಿಗಳನ್ನು ನೋಡಬೇಕು.

1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಮೊದಲು ಬರುತ್ತಿದ್ದುದು 5.60-14 ಅಳತೆಯ ಕ್ರಾಸ್‌ಪ್ಲೈ ಟೈರು, ಅಂದರೆ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯುವ ಹಳೆಯ ಬಗೆ. ಮುಂದೆ 155 ಮತ್ತು 165 ಅಗಲದ, ಪದರಗಳು ನೇರ ಅಡ್ಡಕ್ಕೆ ಹಾಯುವ ರೇಡಿಯಲ್ ಬಂದವು. ನನ್ನ ಸ್ಪೋಕ್ ಗಾಲಿಗಳ ರಿಮ್ಮಿನ ಅಗಲ ನಾಲ್ಕೂವರೆ ಇಂಚು ಮಾತ್ರ. ಆಯ್ಕೆಯ ಮಿತಿಯೆಲ್ಲ ಈ ನಾಲ್ಕೂವರೆ ಇಂಚಿನಲ್ಲಿಯೇ ಇದೆ. ಸ್ಪೋರ್ಟ್ಸ್ ಕಾರೆಂದ ಕೂಡಲೇ ಅಗಲ ಟೈರು ಹಾಕಿಸಲು ಹೇಳುವವರು ಬಹಳ. 185/70 ಆರ್14 ಎತ್ತರದಲ್ಲಿ ಸರಿಹೋಗುತ್ತದೆ, ಆದರೆ ಕಿರಿದಾದ ರಿಮ್ಮಿನ ಮೇಲೆ ಅದರ ಗೋಡೆ ಹೊರಕ್ಕೆ ಉಬ್ಬಿ ನಿಲ್ಲುತ್ತದೆ, ಹಿಂದಿನ ಮಡ್‌ಗಾರ್ಡಿನ ಒಳ ಅಂಚಿಗೆ ತಾಗುವ ಭಯವಿರುತ್ತದೆ, ಪವರ್ ಸ್ಟೇರಿಂಗ್ ಇಲ್ಲದ ಕಾರನ್ನು ಓಣಿಯಲ್ಲಿ ತಿರುಗಿಸುವಾಗ ರಟ್ಟೆಯೂ ಸೋಲುತ್ತದೆ. ಎಲ್ಲ ಅಂಗಡಿಗಳಲ್ಲೂ ಸಿಗುವ 175/65 ಆರ್14 ಟೈರಿನ ಎತ್ತರ ಸುಮಾರು 583 ಮಿ.ಮೀ., 165/80 ಟೈರಿನದು ಸುಮಾರು 620. ಗಿಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ನೂರಕ್ಕೆ ಆರರಷ್ಟು ಹೆಚ್ಚು ತೋರಿಸುತ್ತದೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ.

ಗೋಕುಲ ರಸ್ತೆಯ ಕಡೆಯ ಒಂದು ಅಂಗಡಿಯಲ್ಲಿ 165 ಆರ್14 ಎಲ್‌ಟಿ ಎಂದು ಬರೆದ ಟೈರನ್ನು ಮುಂದಿಟ್ಟು, “ಸೈಜ್ ಅದ ಐತ್ರಿ ಸರ್, ಭಾಳ ಗಟ್ಟಿ ಟೈರ್, ಹತ್ತ ವರ್ಷ ನೋಡಂಗಿಲ್ಲ” ಎಂದರು. ಎಲ್‌ಟಿ ಎಂಬ ಆ ಎರಡು ಅಕ್ಷರಗಳನ್ನು ಗಮನಿಸದಿದ್ದರೆ ನಾನೂ ಕೊಂಡುಬಿಡುತ್ತಿದ್ದೆ. ಅದು ಸಣ್ಣ ಸರಕು ಗಾಡಿಯ ಟೈರು. ಭಾರ ಹೊರಲು ಮಾಡಿದ ಅದರ ಗೋಡೆ, ಸಾವಿರ ಕಿಲೋ ಕೂಡ ತೂಗದ ಎಂಜಿಬಿಯ ಕೆಳಗೆ ಬಾಗುವುದೇ ಇಲ್ಲ. ಮುಂಬಯಿಯ ಇನ್ನೊಬ್ಬ ವ್ಯಾಪಾರಿ ಹಳೆಯ ಮಾದರಿಯ ವಿದೇಶಿ ಟೈರು ಕೊಡುತ್ತೇನೆಂದರು. ಅಂಕಿಗಳ ಫೋಟೋ ಕೇಳಿದಾಗ ಅದು 2015ರದೆಂದು ತಿಳಿಯಿತು. 2020ರ ಜೂನ್‌ನಿಂದ ಕಾರಿನ ಹೊಸ ಟೈರುಗಳ ಆಮದಿಗೆ ಸರಕಾರದ ಪರವಾನಿಗೆ ಬೇಕಾಗಿರುವುದರಿಂದ, ಪಿರೆಲ್ಲಿ ಸಿಂಟುರಾಟೊದಂಥ ಆ ಕಾಲದ ನೋಟದ ಟೈರನ್ನು ಒಬ್ಬ ಮಾಲೀಕ ತಾನಾಗಿ ತರಿಸಿಕೊಳ್ಳುವುದು ಸುಲಭವಲ್ಲ.

ಕೊನೆಗೆ ಉತ್ತರ ಸಿಕ್ಕದ್ದು ನೆರೆಮನೆಯವರ ಹಳೆಯ ಮಾರುತಿ ಸ್ವಿಫ್ಟ್ ಕಾರಿನಲ್ಲಿ. ಅದರ ಗಾಲಿಯ ಮೇಲೆ 165/80 ಆರ್14 85ಟಿ ಎಂದಿತ್ತು. 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗ ತಡೆಯಬಲ್ಲದು. ನಮ್ಮ ಕಾರಿಗೆ ಇವೆರಡೂ ಧಾರಾಳವಾಗಿ ಸಾಕು. ಒಂದಕ್ಕೆ 5,000 ರೂಪಾಯಿಯ ಆಸುಪಾಸಿನಲ್ಲಿ, ತಯಾರಾಗಿ ಎರಡು ತಿಂಗಳಾಗಿದ್ದ ಟೈರುಗಳೇ ದೊರೆತವು.

ಕಾರವಾರ ರಸ್ತೆಯ ಅಂಗಡಿಯ ಬಗ್ಗೆ ವಿವರವಾಗಿಯೇ ಬರೆಯಬೇಕು. ಅಲ್ಲಿಯ ಮಿಸ್ತ್ರಿ ಗಾಲಿಯನ್ನು ಎರಡೂ ಬದಿ ತಿರುಗಿಸಿ ನೋಡಿ, “ನಮ್ಮ ಕಡೆ ಇಂಥಾ ಗಾಲಿ ಬಂದಿಲ್ರೀ, ನೀವು ನಿಂತು ಹೇಳ್ರಿ, ನಾ ಮಾಡ್ತೇನಿ” ಎಂದರು. ಸ್ಪೋಕ್ ಗಾಲಿಯ ರಿಮ್ಮಿನಲ್ಲಿ ಪ್ರತಿ ಸ್ಪೋಕಿಗೂ ಒಂದು ತೂತು ಇರುವುದರಿಂದ ಅದು ಹವಾ ಹಿಡಿಯುವುದಿಲ್ಲ. ಟ್ಯೂಬ್‌ಲೆಸ್ ಟೈರಾದರೂ ಒಳಗೆ ಟ್ಯೂಬು ಹಾಕಲೇಬೇಕು. ಅಂಥ ಟೈರಿನ ಒಳಮೈಯಲ್ಲಿ ಅಂಟಿಸಿದ ಕಾಗದದ ಚೀಟಿಗಳೂ ಸಣ್ಣ ಏಣುಗಳೂ ಇರುತ್ತವೆ, ಅವು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ. ಅವರು ಚೀಟಿಗಳನ್ನು ಕೆರೆದು ತೆಗೆದರು, ಏಣುಗಳ ಮೇಲೆ ಪಾಲಿಶ್ ಕಾಗದ ಆಡಿಸಿ ಅಂಗೈಯಿಂದ ಸವರಿ ನೋಡಿದರು, ಸ್ಪೋಕುಗಳ ತಲೆಯ ಮೇಲೆ ಎರಡು ಸುತ್ತು ಟೇಪು ಸುತ್ತಿದರು, ಟ್ಯೂಬಿಗೆ ಫ್ರೆಂಚ್ ಚಾಕ್ ಪುಡಿ ಹಚ್ಚಿ ಒಳಗಿಟ್ಟರು. ಒಂದು ಗಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಬ್ಯಾಲೆನ್ಸಿಂಗ್, ಅಂದರೆ ತಿರುಗುವ ಗಾಲಿಯ ತೂಕವನ್ನು ಸುತ್ತಲೂ ಸಮ ಮಾಡುವ ಕೆಲಸ, ಕಷ್ಟದ್ದಾಗಿತ್ತು. ಈ ಗಾಲಿ ಇಂದಿನ ಗಾಲಿಗಳಂತೆ ನಾಲ್ಕು ಬೋಲ್ಟುಗಳ ಮೇಲೆ ಕೂರುವುದಿಲ್ಲ. ನಡುವಿನ ಹಲ್ಲುಗಳ ಮೇಲೆ ಜಾರಿ, ಒಳಹೊರಗಿನ ಎರಡು ಓರೆ ಅಂಚುಗಳ ನಡುವೆ ಬಿಗಿಯಾಗುತ್ತದೆ. ಮಶೀನಿನಲ್ಲಿ ಗಾಲಿಯನ್ನು ನಡುವಿನಲ್ಲಿ ಹಿಡಿಯುವ ಸಾಮಾನ್ಯ ಕೋನು ಅಲ್ಲಿ ಕೂರದೆ ಪ್ರತಿ ಸಲವೂ ಬೇರೆ ಬೇರೆ ಲೆಕ್ಕ ತೋರಿಸಿತು. ಅವರು ಸುಮ್ಮನೆ ಸೀಸದ ತುಂಡು ಹಚ್ಚಿ ಕಳಿಸಲಿಲ್ಲ. ನಾನು ತಾರಿಹಾಳದ ಒಂದು ಲೇಥ್ ಅಂಗಡಿಯಲ್ಲಿ ಅಂಚಿನ ಓರೆಗೆ ಹೊಂದುವ ಎರಡು ಕೋನುಗಳನ್ನು ಮಾಡಿಸಿ ತರುವವರೆಗೆ, ಎರಡು ದಿನ, ಗಾಲಿಗಳನ್ನು ಕಾದಿಟ್ಟರು. ಆಮೇಲೆ ಮೂರು ಸಲ ತಿರುಗಿಸಿದರೂ ಲೆಕ್ಕ ಒಂದೇ ಬಂತು. ಈಗ 80ರ ವೇಗದಲ್ಲೂ ಸ್ಟೇರಿಂಗ್ ನಡುಗುವುದಿಲ್ಲ. ಒಂದೇ ತಕರಾರೆಂದರೆ ಹವಾ: ಹುಡುಗ ಕೇಳದೆ 32 ತುಂಬಿದ್ದ. ಕಾರಿನ ಕೈಪಿಡಿ 165ರ ರೇಡಿಯಲ್‌ಗೆ ಮುಂದೆ 21, ಹಿಂದೆ 24 ಎನ್ನುತ್ತದೆ. ನಾನು 24 ಮತ್ತು 26 ಇಟ್ಟಿದ್ದೇನೆ. 32ರಲ್ಲಿ ಕಾರು ಪ್ರತಿ ಹಂಪಿನ ಮೇಲೂ ಪುಟಿಯುತ್ತಿತ್ತು.

ಪರೀಕ್ಷೆಗೆಂದು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಾಟ್ ಇಳಿದು ಹತ್ತಿದೆ. ತಿರುವಿನಲ್ಲಿ ಕಾರು ಇದ್ದಕ್ಕಿದ್ದಂತೆ ಕೈ ಬಿಡುವುದಿಲ್ಲ. ಹಿಡಿತ ಸಡಿಲವಾಗುವ ಮೊದಲು ಸ್ಟೇರಿಂಗಿನಲ್ಲಿ ತಿಳಿಸುತ್ತದೆ. ಕಿರಿದಾದ, ಎತ್ತರದ ಗೋಡೆಯ ಟೈರಿನಿಂದಲೇ ಈ ಗುಣ ಬರುತ್ತದೆ, ಎಂಜಿಬಿಯನ್ನು ಓಡಿಸುವ ಸುಖವೂ ಅದರಲ್ಲಿಯೇ ಇದೆ. ಇಳಿಜಾರಿನಲ್ಲಿ ಒದ್ದೆ ರಸ್ತೆ ಸಿಕ್ಕಾಗ ಬ್ರೇಕ್ ಒತ್ತಿದೆ, ಉಣಕಲ್ ಕೆರೆಯ ಹತ್ತಿರದ ಆ ಜಾರಿಕೆ ಮರುಕಳಿಸಲಿಲ್ಲ. ಗೆರೆಗಳ ವಿನ್ಯಾಸ ಇಂದಿನ ಕಾಲದ್ದು, 1967ರ ಕಾರಿನ ಫೋಟೋದಲ್ಲಿ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಪ್ರದರ್ಶನಕ್ಕೆ ನಿಲ್ಲಿಸುವವರಿಗೆ ಇದು ಕೊರತೆಯೆನಿಸಬಹುದು.

ಇಂಥ ಗಾಲಿ ಇರುವವರು ಇನ್ನೊಂದನ್ನು ಮರೆಯಬಾರದು. ಗಾಲಿ ಮತ್ತೆ ಕೂರಿಸಿದ ಮೇಲೆ ನಡುವಿನ ಕಿವಿಗಳಿರುವ ದೊಡ್ಡ ನಟ್ಟು ಸ್ವಲ್ಪ ದೂರ ಓಡಿದ ನಂತರ ತುಸು ಸಡಿಲವಾಗುತ್ತದೆ. ಕಲಘಟಗಿಯಲ್ಲಿ ಚಹಾಕ್ಕೆ ನಿಂತಾಗ ನಾನು ತಾಮ್ರದ ಸುತ್ತಿಗೆಯಿಂದ ನಾಲ್ಕನ್ನೂ ಬಡಿದು ನೋಡಿದೆ. ಹಿಂದಿನ ಎಡಗಡೆಯದು ಅರ್ಧ ಇಂಚು ತಿರುಗಿತು.